ಗೌರಿಯ ಬೆನ್ನ ಹಿಂದಿನ ಭೂಗೋಳ

ರಾಘಣ್ಣ ಮಾಸ್ತರರು ಆ ಗುರುವಾರ ಸಂಜೆ ಹೆಂಡತಿಗೆ ಒಂದು ಮಾತು ಹೇಳಲು ಮರೆತರು. ತಪ್ಪು ಅಷ್ಟೇ. ಮುಂದೆ ಆದದ್ದನ್ನೆಲ್ಲ ಕೇಳಿದರೆ, ಗಂಡಸರು ಮನೆಗೆ ಬಂದ ಕೂಡಲೇ ಚಪ್ಪಲಿ ಬಿಡುವುದಕ್ಕೂ ಮೊದಲೇ ಎಲ್ಲವನ್ನೂ ಹೇಳಿಬಿಡುವುದು ಮೇಲು ಎಂದು ಯಾರಿಗಾದರೂ ಅನ್ನಿಸೀತು.

ಮರೆತ ಮಾತು ಇದು: ಶಾಲೆಯ ತಪಾಸಣೆಗೆ ಸೋಮವಾರ ಬರಬೇಕಿದ್ದ ಇನ್‌ಸ್ಪೆಕ್ಟರ್ ಸಾಹೇಬರು ಶುಕ್ರವಾರವೇ, ಅಂದರೆ ನಾಳೆ ಮಧ್ಯಾಹ್ನವೇ, ಬರುತ್ತಾರೆ.

ಸ್ವರಾಜ್ಯ ಬರಲು ಇನ್ನೂ ಹತ್ತು ವರ್ಷವಿದ್ದ ಕಾಲ. ಮುಂಬಯಿ ಇಲಾಖೆಯಲ್ಲಿ ಪುಣೆಯೂ ಇತ್ತು, ಧಾರವಾಡವೂ ಇತ್ತು. ಧಾರವಾಡದ ರಾಘಣ್ಣ ಮಾಸ್ತರರು ಪುಣೆಯ ಒಂದು ಖಾಸಗಿ ಶಾಲೆಯಲ್ಲಿ ಭೂಗೋಳ ಕಲಿಸುತ್ತ, ಸದಾಶಿವ ಪೇಠೆಯಲ್ಲಿ ಹತ್ತಾರು ಸಂಸಾರಗಳಿದ್ದ ಒಂದು ಹಳೇ ವಾಡೆಯ ಮಹಡಿಯ ಮೇಲೆ ಎರಡು ಖೋಲಿ ಹಿಡಿದುಕೊಂಡು ಹೆಂಡತಿ ಗೋದಾಬಾಯಿಯೊಡನೆ ಇದ್ದರು. ಊರೇನೋ ಒಳ್ಳೆಯದೇ. ನಲ್ಲಿಯಲ್ಲಿ ನೀರು ಬರುತ್ತಿತ್ತು, ಸಂಜೆ ಪರ್ವತಿ ಗುಡ್ಡದ ಕಡೆಯಿಂದ ತಂಪು ಗಾಳಿ ಬರುತ್ತಿತ್ತು. ಆದರೆ ಚೈತ್ರ ಬಂತೆಂದರೆ ಗಂಡ ಹೆಂಡತಿ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಕಾರಣ ಒಂದು ಹಕ್ಕಿ. ಧಾರವಾಡದ ಮಾಳಮಡ್ಡಿಯಲ್ಲಿ ಗೋದಾಬಾಯಿಯ ತವರುಮನೆಯ ಹಿತ್ತಲಲ್ಲಿ ಒಂದು ಮಾವಿನ ಮರ. ಚೈತ್ರದಲ್ಲಿ ಕಾಯಿ ಜೋತುಬಿದ್ದಾಗ ಆ ಮರಕ್ಕೆ ಹೊನ್ನಕ್ಕಿ ಬರುತ್ತಿತ್ತು. ಮೈಗೆಲ್ಲ ಅರಿಶಿನ ಬಳಿದುಕೊಂಡು ಕಣ್ಣಿಗೆ ಕಾಡಿಗೆ ತೀಡಿಕೊಂಡಂಥ ಹಕ್ಕಿ. ಅದು ಬೆಳಗಿನ ಜಾವ ಕೊಳಲಿನ ದನಿಯಲ್ಲಿ ಒಂದು ಸಲ ಕೂಗಿದರೆ ಸಾಕು, ಹಾಸಿಗೆಯಲ್ಲಿದ್ದವರಿಗೆ ಇವತ್ತಿನ ದಿನ ಚೆನ್ನಾಗಿರುತ್ತದೆ ಅನ್ನಿಸುತ್ತಿತ್ತು. ಮದುವೆಯಾದ ಹೊಸದರಲ್ಲಿ ಅಳಿಯತನಕ್ಕೆ ಹೋಗಿದ್ದ ರಾಘಣ್ಣನವರೂ ಅದನ್ನು ಕೇಳಿದ್ದರು, ಇಷ್ಟು ವರ್ಷವಾದರೂ ಮರೆತಿರಲಿಲ್ಲ. ಪುಣೆಯಲ್ಲಿ ಆ ಹಕ್ಕಿ ಇಲ್ಲವೆಂದಲ್ಲ, ಕೋಥರೂಡದ ತೋಟಗಳಲ್ಲಿ ಇದ್ದವಂತೆ. ವಾಡೆಯ ಕಿಟಕಿಗೆ ಮಾತ್ರ ಬರುತ್ತಿದ್ದದ್ದು ಕಾಗೆ, ಗುಬ್ಬಿ, ಮತ್ತು ಕೆಳಗಿನ ಮನೆಯ ರಾಧಾಬಾಯಿ.

ಈ ವರ್ಷ ಇಬ್ಬರಿಗೂ ಒಂದು ಆಸೆ ಹುಟ್ಟಿತ್ತು. ಶಾಲೆ ನಡೆಸುವ ಸಂಸ್ಥೆಯವರದೇ ಒಂದು ಶಾಖೆ ಧಾರವಾಡದಲ್ಲಿತ್ತು, ಅಲ್ಲಿ ಭೂಗೋಳದ ಮಾಸ್ತರರ ಜಾಗ ಖಾಲಿಯಾಗಿತ್ತು. ಹೆಡ್‌ಮಾಸ್ತರ ಕೃಷ್ಣಾಜಿಪಂತರು ರಾಘಣ್ಣನವರನ್ನೂ, ಇನ್ನೊಬ್ಬ ಭೂಗೋಳದ ಮಾಸ್ತರ ಪ್ರಲ್ಹಾದಪಂತರನ್ನೂ ಕರೆದು, "ನಿಮ್ಮಿಬ್ಬರಲ್ಲಿ ಒಬ್ಬರಿಗೆ ಧಾರವಾಡ. ಇಬ್ಬರ ಪಾಠವನ್ನೂ ನೋಡಿ ಸಾಹೇಬರು ತೀರ್ಮಾನ ಮಾಡುತ್ತಾರೆ" ಎಂದು ಗಂಭೀರವಾಗಿ ಹೇಳಿದ್ದರು. ಆ ಸುದ್ದಿ ಕೇಳಿದ ದಿನವೇ ಗೋದಾಬಾಯಿ ಅಟ್ಟದ ಮೇಲಿನ ಟ್ರಂಕು ಇಳಿಸಿ ಬಿಸಿಲಿಗೆ ಹಾಕಿದ್ದಳು.

ಪಾಠಕ್ಕೆ ಬೇಕಾದದ್ದು ಭೂಪಟ. ಶಾಲೆಯಲ್ಲಿದ್ದದ್ದು ಒಂದೇ ಒಂದು, ಬಟ್ಟೆಗೆ ಅಂಟಿಸಿದ ಹಳೆಯ ದೊಡ್ಡ ಪಟ. ಅದರಲ್ಲಿ ಇಡೀ ಭೂಮಿಯನ್ನು ಎರಡು ನೀಲಿ ಚಕ್ರಗಳಾಗಿ ಬಿಡಿಸಿಟ್ಟಿದ್ದರು. ಎಡಗಡೆಯ ಚಕ್ರದಲ್ಲಿ ಎರಡೂ ಅಮೆರಿಕ, ಬಲಗಡೆಯದರಲ್ಲಿ ಉಳಿದ ಜಗತ್ತು. ಎರಡು ಚಕ್ರಗಳು ಕೂಡುವ ಜಾಗದಲ್ಲಿ ಬಟ್ಟೆ ಹರಿದಿತ್ತು. ಹೊಲಿಸಿಕೊಂಡು ಬರಲು ಮಾಸ್ತರರು ಅದನ್ನು ಮನೆಗೆ ತಂದಿದ್ದರು.

ಶುಕ್ರವಾರ ಬೆಳಿಗ್ಗೆ ಸ್ನಾನ ಮುಗಿಸಿ, ದೇವರಿಗೆ ಕೈಮುಗಿಯಲು ಒಳಗೆ ಬಂದ ಮಾಸ್ತರರು ಮುಗಿದ ಕೈ ಬಿಡದೆ ಹಾಗೇ ನಿಂತರು. ಚೈತ್ರಗೌರಿಯನ್ನು ಕೂಡಿಸಿಯಾಗಿತ್ತು. ಹಿತ್ತಾಳೆಯ ಪುಟ್ಟ ತೂಗುಮಣೆಯಲ್ಲಿ ಗೌರಿ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಗೊಂಬೆ, ಹೂವಿನಂತೆ ಕೊಯ್ದಿಟ್ಟ ಕಲ್ಲಂಗಡಿ, ಪಾನಕದ ತಂಬಿಗೆ. ಗೌರಿಯ ಬೆನ್ನ ಹಿಂದೆ ಗೋಡೆಯ ಈ ತುದಿಯಿಂದ ಆ ತುದಿಗೆ ಇಡೀ ಭೂಮಂಡಲ. ಅದರ ತುಂಬ ಹಳದಿ ಹಕ್ಕಿಗಳು.

"ಗೋದಾ! ಇದು ನಮ್ಮ ಸಾಲೀ ನಕಾಶಿ!"

"ಹೌದ್ರಿ. ಹೊಲದಿಟ್ಟೇನಿ ನೋಡ್ರಿ, ಹೊಲಗಿ ಸೈತ ಕಾಣಂಗಿಲ್ಲ. ಹೆಂಗೂ ಸೋಮವಾರ ತನಕಾ ಮನ್ಯಾಗ ಇರ್ತದಲ್ಲ, ಇವತ್ತೊಂದಿನ ಗೌರಿ ಹಿಂದ ಇರಲಿ ಅಂತ ಹಾಕೇನಿ. ಗ್ವಾಡಿ ಭಾಳ ಮಾಸೇದ."

"ಈ ಹಕ್ಕಿ ಎಲ್ಲಿಂದ ಬಂದ್ವು?"

"ಗೆಜ್ಜೀವಸ್ತ್ರಾ ಮಾಡಿ ಹತ್ತಿ ಉಳದಿತ್ತು. ಅರಿಷಿಣದಾಗ ಅದ್ದಿ ಮಾಡೇನಿ, ಕಣ್ಣಿಗೆ ಕಾಡಗಿ ಹಚ್ಚೇನಿ. ಥೇಟ ನಮ್ಮ ಗಿಡದ ಹಕ್ಕೀಹಂಗ ಆಗ್ಯಾವ, ಹೌದಲ್ಲ?"

ಹೌದು, ಥೇಟ್ ಹಾಗೆಯೇ ಇದ್ದವು. ಸಿಟ್ಟು ಮಾಡಬೇಕಾದ ಹೊತ್ತಿನಲ್ಲಿ ಮಾಸ್ತರರಿಗೆ ಮಾಳಮಡ್ಡಿಯ ಹಿತ್ತಲು ನೆನಪಾಯಿತು.

"ನೆಲಾ ಇದ್ದಲ್ಲೆಲ್ಲಾ ಒಂದೊಂದು ಕೂಡಿಸೇನಿ" ಎಂದಳು ಗೋದಾಬಾಯಿ. "ಗೌರಿ ಈ ತಿಂಗಳು ತವರಿಗೆ ಬಂದಿರ್ತಾಳ. ಯಾವ ನೆಲಾ ಇದ್ರೂ ಅದು ಯಾರದರೆ ತವರುಮನೀನ ಇರಬೇಕಲ್ರಿ? ಒಬ್ಬರಿಗೆ ಇಟ್ಟು ಒಬ್ಬರಿಗೆ ಬಿಟ್ಟರ ಹೆಂಗ?"

"ಅದೆಲ್ಲಾ ಖರೆ. ಆದರ ಇನ್‌ಸ್ಪೆಕ್ಟರು ಇವತ್ತ ಬರ್ತಾರ."

ಗೋದಾಬಾಯಿ ಕುಂಕುಮದ ಬಟ್ಟಲು ಕೆಳಗಿಟ್ಟಳು. "ಸೋಮವಾರ ಅಂದಿದ್ರಿ!"

"ನಿನ್ನೆ ಹೇಳಬೇಕು ಅಂದುಕೋತ ಬಂದೆ. ಮರತೆ."

ಗೋದಾಬಾಯಿ ಗಂಡನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದು ಬೇಡ, ಮದುವೆಯಾದವರಿಗೆ ಅದು ಗೊತ್ತಿರುತ್ತದೆ. ಮಾಸ್ತರರು ತಡಮಾಡದೆ ಪಟದ ದಾರಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಬಾಗಿಲಿನಿಂದ ಒಂದು ಕೂಗು ಬಂತು.

ಕೂಗಿದ್ದು ರಾಧಾಬಾಯಿ. ವಾಡೆಗೆಲ್ಲ ಹಿರಿಯ ಮುತ್ತೈದೆ, ರತ್ನಾಗಿರಿ ಕಡೆಯವಳು. ಯಾವ ಹಬ್ಬಕ್ಕೆ ಯಾವ ಬೇಳೆ ನೆನೆಹಾಕಬೇಕು ಎನ್ನುವುದರಿಂದ ಹಿಡಿದು ಯಾರ ಮನೆಯಲ್ಲಿ ಯಾರು ಯಾಕೆ ಮಾತು ಬಿಟ್ಟಿದ್ದಾರೆ ಎನ್ನುವ ತನಕ ಎಲ್ಲವೂ ಅವಳ ಕೈಯಲ್ಲಿತ್ತು. ಅವಳು ಆಡಿದ್ದು ಮರಾಠಿ, ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ.

"ಮಾಸ್ತರ! ಕೈ ತೆಗೆಯಿರಿ! ಕೂತ ಗೌರಿಯ ಹಿಂದಿನ ಅಲಂಕಾರ ಕೀಳುತ್ತಾರೆಯೇ? ಆರತಿಯಾಗಬೇಕು, ಮುತ್ತೈದೆಯರು ಅರಿಶಿನ ಕುಂಕುಮ ತಗೊಳ್ಳಬೇಕು, ಆಮೇಲೆ ಏನು ಬೇಕಾದರೂ ಕೀಳಿರಿ."

"ಅರಿಶಿನ ಕುಂಕುಮ ಸಂಜೆಗೆ. ನನ್ನ ಇನ್‌ಸ್ಪೆಕ್ಟರು ಮಧ್ಯಾಹ್ನಕ್ಕೆ!"

"ಇನ್‌ಸ್ಪೆಕ್ಟರ ದೊಡ್ಡವನೋ ಗೌರಿ ದೊಡ್ಡವಳೋ?"

ಈ ಪ್ರಶ್ನೆಗೆ ಮಾಸ್ತರರ ಬಳಿ ಉತ್ತರವಿತ್ತು, ಆದರೆ ಗೌರಿಯ ಮುಂದೆ ಅದನ್ನು ಹೇಳುವಂತಿರಲಿಲ್ಲ. ಕೊನೆಗೆ ಗೋದಾಬಾಯಿಯೇ ದಾರಿ ಕಂಡುಹಿಡಿದಳು. ಸಂಜೆಯ ಆರತಿಯನ್ನು ಈಗಲೇ ಮಾಡಿಬಿಟ್ಟರಾಯಿತು. ರಾಧಾಬಾಯಿ ಆಗಬಹುದು ಎಂದು ಅಪ್ಪಣೆ ಕೊಟ್ಟಳು. ಆದರೆ ಎಲ್ಲ ಹೆಂಗಸರೂ ಬರಬೇಕು, ಒಬ್ಬರೂ ತಪ್ಪಬಾರದು.

ಬೆಳಗಿನ ಹೊತ್ತು ಹೆಂಗಸರನ್ನು ಒಲೆಯ ಮುಂದಿನಿಂದ ಎಬ್ಬಿಸಿ ತರುವುದೆಂದರೆ ಹುಡುಗಾಟವಲ್ಲ. ಮಾಸ್ತರರು ಮೆಟ್ಟಿಲು ಹತ್ತಿ ಇಳಿದು, ಅಂಗಳ ದಾಟಿ, ಮನೆ ಮನೆಯ ಬಾಗಿಲಲ್ಲಿ ನಿಂತು, "ಈಗಲೇ ಬರಬೇಕಂತೆ, ದಯವಿಟ್ಟು ಬೇಗ" ಎಂದು ಕರೆದರು. ಗಂಡಸೊಬ್ಬ ಅರಿಶಿನ ಕುಂಕುಮಕ್ಕೆ ಕರೆಯಲು ಬಂದದ್ದನ್ನು ಆ ವಾಡೆ ಅದಕ್ಕೆ ಮೊದಲು ಕಂಡಿರಲಿಲ್ಲ. ನಕ್ಕು ನಕ್ಕು ಎಲ್ಲರೂ ಬಂದರು. ಬಂದವರು ಸುಮ್ಮನೆ ಕೂತರೆ? ಒಬ್ಬೊಬ್ಬರೂ ಪದ್ಯ ಕಟ್ಟಿ ಗಂಡನ ಹೆಸರು ಹೇಳಬೇಕೆಂದು ರಾಧಾಬಾಯಿ ಹಟ ಹಿಡಿದಳು. ಪಕ್ಕದ ಖೋಲಿಯ ಗಂಗೂಬಾಯಿಗೆ ಪ್ರಾಸ ಸಿಗಲಿಲ್ಲ. ಬಾಗಿಲಲ್ಲಿ ಪಾನಕದ ತಂಬಿಗೆ ಹಿಡಿದು ನಿಂತಿದ್ದ ಮಾಸ್ತರರೇ ಗಡಬಡಿಸಿ ಒಂದು ಪ್ರಾಸ ಕೊಟ್ಟರು. ಆಮೇಲೆ ಪ್ರಾಸ ಸಿಗದವರೆಲ್ಲ ಅವರ ಕಡೆಗೇ ತಿರುಗಿದರು.

ಓಣಿಯ ತುದಿಯಲ್ಲಿ ಬೆಲ್ಲದ ವ್ಯಾಪಾರ ಮಾಡುತ್ತಿದ್ದ ಈರಬಸಪ್ಪನ ಹೆಂಡತಿ, ಗದಗಿನ ರುದ್ರವ್ವನೂ ಬಂದಿದ್ದಳು. ಅವಳ ಕಣ್ಣು ಮಾತ್ರ ಪಟದ ಮೇಲೆಯೇ ಇತ್ತು.

"ಮಾಸ್ತರ, ಇದರಾಗ ನಮ್ಮ ಗದಗ ಎಲ್ಲೈತ್ರಿ?"

ಮಾಸ್ತರರ ಕೈಬೆರಳು ಭೂಪಟ ಕಂಡಾಗ ತಾನಾಗಿಯೇ ಎದ್ದು ಹೋಗುವ ಬೆರಳು. ತೋರಿಸಿದರು. ರುದ್ರವ್ವ ಮೂರನೆಯ ಬೆರಳಿನಿಂದ ಕುಂಕುಮ ತೆಗೆದು, ಅವರು ಬೇಡ ಬೇಡ ಅನ್ನುವುದರೊಳಗೆ ಅಲ್ಲಿ ಇಟ್ಟುಬಿಟ್ಟಳು. "ತವರುಮನಿ ಅಲ್ರಿ, ಬರೇ ನೋಡಿ ಬಿಡಾಕ ಬರ್ತೈತೇನ್ರಿ?"

"ನನ್ನ ಮಿರಜ?" ಎಂದಳು ಗಂಗೂಬಾಯಿ. ಅದೂ ಅಲ್ಲೇ. "ಸಾಂಗಲಿ?" ಅದೂ ಅಲ್ಲೇ. "ರತ್ನಾಗಿರಿ?" ಎಂದಳು ರಾಧಾಬಾಯಿ, ಮೊದಲ ಸಲ ಮೆತ್ತಗಿನ ದನಿಯಲ್ಲಿ. ಮಾಸ್ತರರು ನೋಡಿದರು. ರತ್ನಾಗಿರಿಯೂ ಅದೇ ಕುಂಕುಮದ ಕೆಳಗೆ ಹೋಗಿತ್ತು. ಆದರೂ ಎಲ್ಲರೂ ಒಬ್ಬರ ಮೇಲೊಬ್ಬರು ಇಟ್ಟರು. ಬೊಟ್ಟು ಬೆಳೆದು ಅರ್ಧ ಹಿಂದೂಸ್ಥಾನ ಕೆಂಪಾಯಿತು.

ಹೆಂಗಸರು ಹತ್ತಿರ ಬಂದು ಅದನ್ನೇ ನೋಡಿದರು. ಅವರೆಲ್ಲರ ತವರೂ, ಅವರೀಗ ಕೂತಿದ್ದ ಪುಣೆಯೂ, ಒಂದೇ ಬೊಟ್ಟಿನೊಳಗೆ ಇದ್ದವು.

"ಇಷ್ಟೇ ದೂರಕ್ಕೇನು ನಾನು ಅಷ್ಟು ಅತ್ತದ್ದು!" ಎಂದಳು ರಾಧಾಬಾಯಿ. ಮೂಗು ಒರೆಸಿಕೊಂಡು, "ಏನು ನೋಡುತ್ತೀರಿ, ಆರತಿ ಹಚ್ಚಿರಿ" ಎಂದು ಗದರಿದಳು.

ಆರತಿಯಾಯಿತು. ಮಾಸ್ತರರು ಹಕ್ಕಿ ಕೀಳಲು ಹೋದರು. ಗೋದಾಬಾಯಿಯ ಮೈದಾಹಿಟ್ಟಿನ ಅಂಟು ಗಟ್ಟಿ ಜಾತಿಯದು. ಮೊದಲ ಹಕ್ಕಿ ಎದ್ದು ಬರುವಾಗ ಬ್ರೆಜಿಲ್ ದೇಶದ ಒಂದು ತುಂಡನ್ನು ಕಾಲಿಗೆ ಅಂಟಿಸಿಕೊಂಡೇ ಬಂತು. ಬ್ರೆಜಿಲನ್ನೂ ಹಕ್ಕಿಯನ್ನೂ ಮತ್ತೆ ಅಲ್ಲೇ ಒತ್ತಿ, ಇನ್ನೊಂದನ್ನು ಮುಟ್ಟುವ ಧೈರ್ಯವಾಗದೆ, ಹಕ್ಕಿಗಳ ಸಮೇತ ಜಗತ್ತನ್ನು ಸುತ್ತಿ ಕಂಕುಳಲ್ಲಿ ಇರುಕಿಕೊಂಡರು.

"ಗೌರಿ ಕೈ ಬಿಡಂಗಿಲ್ಲ, ಹೋಗ್ರಿ" ಎಂದಳು ಗೋದಾಬಾಯಿ ಬಾಗಿಲಲ್ಲಿ. ಕಣ್ಣಲ್ಲಿ ನೀರಿತ್ತು. "ಧಾರವಾಡ ನಮಗ ಆಗೇ ಆಗ್ತದ."

ಮಾಸ್ತರರು ಹತ್ತಿದ ಟಾಂಗಾ ಲಕಡಿ ಪೂಲದ ಸೇತುವೆ ದಾಟುವಾಗ ಮುಠಾ ನದಿಯ ಗಾಳಿಗೆ ಸುರುಳಿಯ ತುದಿಯಿಂದ ಹಳದಿ ಹತ್ತಿಯ ಎಳೆಗಳು ಹಾರಿ ಟಾಂಗಾವಾಲಾನ ಮುಂಡಾಸಿಗೆ ಅಂಟಿಕೊಂಡವು. ಮಾಸ್ತರರಿಗೆ ಅದರ ಪರಿವೆ ಇರಲಿಲ್ಲ. ಗೌರೀ, ಗೌರೀ ಎನ್ನುತ್ತ ಹೋದರು.

ಶಾಲೆಯಲ್ಲಿ ಪ್ರಲ್ಹಾದಪಂತರು ಆಗಲೇ ಬೆವತು ನೀರಾಗಿದ್ದರು. ಅವರು ಶನಿವಾರ ಪೇಠೆಯಲ್ಲಿ ಹುಟ್ಟಿ ಬೆಳೆದವರು. ಪಕ್ಕದ ಖಡಕಿಯ ನೀರು ಕುಡಿದರೂ ನೆಗಡಿಯಾಗುತ್ತದೆ ಎನ್ನುವ ಮನುಷ್ಯ. ಪಾಠಕ್ಕೆಂದು ಮಣ್ಣಿನಲ್ಲಿ ಭೂಮಿಯ ದೊಡ್ಡ ಗೋಳ ಮಾಡಿ, ಬಣ್ಣ ಬಳಿದು ತಂದಿದ್ದರು. ರಾಘಣ್ಣನವರನ್ನು ಕಂಡು ಹುಬ್ಬು ಗಂಟಿಕ್ಕಿದರು.

"ರಾಘೋಪಂತ, ನನ್ನದೇನೋ ಸರಿ. ನೀವು ಯಾಕೆ ಇಷ್ಟು ಒದ್ದಾಡುತ್ತೀರಿ? ನಿಮಗೇನು ಕಳೆದುಕೊಳ್ಳುವುದಿದೆ?"

ಎಂಥ ಕಪಟಿ, ನನ್ನನ್ನು ಹಿಂದಕ್ಕೆ ಸರಿಸಲು ನೋಡುತ್ತಾನೆ ಎಂದುಕೊಂಡು ಮಾಸ್ತರರು ಪಟವನ್ನು ಇನ್ನಷ್ಟು ಬಿಗಿಯಾಗಿ ಇರುಕಿಕೊಂಡರು.

ಮೊದಲು ಪ್ರಲ್ಹಾದಪಂತರ ಪಾಠ. ಭೂಮಿ ತನ್ನ ಸುತ್ತ ತಿರುಗುವುದನ್ನು ತೋರಿಸಲು ಗಾಬರಿಯಲ್ಲಿ ಎಷ್ಟು ಜೋರಾಗಿ ತಿರುಗಿಸಿದರೆಂದರೆ ಗೋಳ ಗೂಟ ಬಿಟ್ಟು ಹಾರಿ, ಮೇಜಿನಿಂದ ಉರುಳಿ, ಇನ್‌ಸ್ಪೆಕ್ಟರ್ ಸಾಹೇಬರ ಬೂಟಿನ ಮುಂದೆ ಎರಡು ಹೋಳಾಯಿತು. "ಹೀಗೆ ಎರಡು ಗೋಳಾರ್ಧಗಳು" ಎಂದು ಅವರು ಅಳುವ ದನಿಯಲ್ಲಿ ಪಾಠ ಮುಗಿಸಿದರು.

ಆಮೇಲೆ ರಾಘಣ್ಣನವರ ಸರದಿ. ಪಟವನ್ನು ಮೊಳೆಗೆ ಹಾಕಿ, ಕಣ್ಣು ಮುಚ್ಚಿ ಸುರುಳಿ ಬಿಟ್ಟರು. ಇಡೀ ತರಗತಿ ಹೋ ಎಂದು ನಕ್ಕಿತು. ಹೆಡ್‌ಮಾಸ್ತರರು ಹಣೆ ಹಿಡಿದುಕೊಂಡರು. ಸಾಹೇಬರು ಎದ್ದು ಪಟದ ಹತ್ತಿರ ಬಂದರು. ದಪ್ಪ ಮೀಸೆ, ಕೊರಳಲ್ಲಿ ಯಾತಕ್ಕೋ ಒಂದು ದುರ್ಬೀನು.

"ಇದೇನು?"

ಮಾಸ್ತರರ ತಲೆಯಲ್ಲಿ ಉಳಿದಿದ್ದದ್ದು ಹೆಂಡತಿಯ ಮಾತೊಂದೇ. ಅದನ್ನೇ ಮರಾಠಿ ಮಾಡಿ ಹೇಳಿದರು. "ನೆಲ ಇದ್ದಲ್ಲೆಲ್ಲ ಒಂದೊಂದು ಕೂಡಿಸಿದೆ ಸಾಹೇಬರೇ."

ಹೇಳಿದ ಮೇಲೆ ಅವರಿಗೇ ಪಟ ಹೊಸದಾಗಿ ಕಂಡಿತು. ಕೋಲು ಎತ್ತಿಕೊಂಡರು. "ನೋಡಿರಿ ಮಕ್ಕಳೇ, ನಡುವಿನ ಈ ಗೆರೆ ಭೂಮಧ್ಯರೇಖೆ. ಗೆರೆಯಿಂದ ಮೇಲಕ್ಕೆ ಹಕ್ಕಿಗಳ ಸಂತೆಯೇ ಇದೆ. ಕೆಳಗೆ? ಅಲ್ಲೊಂದು ಇಲ್ಲೊಂದು. ಯಾಕೆ? ಭೂಮಿಯ ಮೇಲಿನ ನೆಲವೆಲ್ಲ ಬಹಳ ಮಟ್ಟಿಗೆ ಉತ್ತರಕ್ಕೆ ಒತ್ತಿಕೊಂಡಿದೆ, ದಕ್ಷಿಣವೆಲ್ಲ ನೀರು. ಕೂರಲು ನೆಲವಿಲ್ಲದಿದ್ದರೆ ಹಕ್ಕಿ ಏನು ಮಾಡಬೇಕು? ಇದು ಆಫ್ರಿಕ. ಇಲ್ಲಿಯ ಹಕ್ಕಿಗೆ ಒಂದು ಕಾಲು ಉತ್ತರದಲ್ಲಿ, ಒಂದು ಕಾಲು ದಕ್ಷಿಣದಲ್ಲಿ."

ನಗು ನಿಂತಿತ್ತು. ಹುಡುಗರು ಬೆಂಚಿನ ಮೇಲೆ ಮುಂದಕ್ಕೆ ಬಾಗಿದ್ದರು.

"ಇದು?" ಎಂದರು ಸಾಹೇಬರು. ಅಂಟು ಸರಿಯಾಗಿ ಹಿಡಿಯದೆ ಟಾಂಗಾದ ಕುಲುಕಾಟಕ್ಕೆ ಜಾರಿದ ಒಂದು ಹಕ್ಕಿ ಪೆಸಿಫಿಕ್ ಸಾಗರದ ನಟ್ಟನಡುವೆ ಇತ್ತು.

"ಅದು ಪ್ರವಾಸದಲ್ಲಿದೆ ಸಾಹೇಬರೇ."

"ಮತ್ತೆ ಇದು? ದಕ್ಷಿಣ ಧ್ರುವದಲ್ಲಿ ಹಳದಿ ಹಕ್ಕಿ ಇರುವುದಿಲ್ಲವಲ್ಲ."

ಅವರು ಹಾಗೆನ್ನುವುದಕ್ಕೂ ಆ ಹಕ್ಕಿ ಅಂಟು ಬಿಟ್ಟು ತಪ್ಪನೆ ನೆಲಕ್ಕೆ ಬೀಳುವುದಕ್ಕೂ ಸರಿಹೋಯಿತು. ಸಾಹೇಬರು ಒಂದು ಕ್ಷಣ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಬಿದ್ದ ಹಕ್ಕಿಯನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು.

"ಕಣ್ಣಿಗೆ ಕಾಡಿಗೆ! ಇದು ಹೊನ್ನಕ್ಕಿ! ಇದನ್ನು ನೋಡಲೆಂದೇ ನಾನು ಪ್ರತಿ ಭಾನುವಾರ ಕೋಥರೂಡಕ್ಕೆ ನಡೆದುಹೋಗುತ್ತೇನೆ." ಅಲ್ಲಿಂದ ಪಾಠ ಅವರದಾಯಿತು. ಯೂರೋಪಿನ ಹೊನ್ನಕ್ಕಿ ಚಳಿಗಾಲಕ್ಕೆ ಆಫ್ರಿಕಕ್ಕೆ ಹಾರಿಹೋಗುವುದನ್ನೂ, ಅಮೆರಿಕದಲ್ಲಿ ಅದೇ ಹೆಸರಿನ ಹಳದಿ ಹಕ್ಕಿ ಬೇರೆಯೇ ಕುಲದ್ದೆನ್ನುವುದನ್ನೂ ಗಂಟೆ ಬಾರಿಸುವ ತನಕ ಹೇಳಿದರು. ಕೊನೆಗೆ ಹಿಂದೂಸ್ಥಾನದ ಮೇಲಿನ ಕೆಂಪು ಬೊಟ್ಟಿನ ಮೇಲೆ ಬೆರಳಿಟ್ಟು, "ಇದೇನು ಗುರುತು?" ಎಂದು ಕೇಳಿದರು.

ರಾಘಣ್ಣ ಮಾಸ್ತರರು ಸುಳ್ಳು ಹೇಳಲಾರದೆ ಹೇಳಿದರು. "ತವರುಮನೆ ಸಾಹೇಬರೇ."

ಸಾಹೇಬರು ಮಾಸ್ತರರ ಹೆಗಲು ತಟ್ಟಿ, ಹತ್ತಿಯ ಹಕ್ಕಿಯನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಗೆದ್ದೆ ಎಂದುಕೊಂಡರು ಮಾಸ್ತರರು. ರಾತ್ರಿ ರೈಲು, ಮಿರಜದಲ್ಲಿ ಚಹಾ, ಬೆಳಗಾದರೆ ಧಾರವಾಡದ ಕೆಂಪು ಮಣ್ಣು. ಎಲ್ಲವೂ ಕಣ್ಣ ಮುಂದೆ ಬಂದಿತು. ಅಷ್ಟರಲ್ಲಿ ಹೆಡ್‌ಮಾಸ್ತರರ ಕೋಣೆಗೆ ಕರೆ ಬಂತು. ಕೃಷ್ಣಾಜಿಪಂತರು ಪೇಢೆಯ ಪೊಟ್ಟಣ ಬಿಚ್ಚಿಟ್ಟುಕೊಂಡು ಕೂತಿದ್ದರು. ಮೂಲೆಯಲ್ಲಿ ಪ್ರಲ್ಹಾದಪಂತರು ಹೆಗಲ ಮೇಲಿನ ಉಪರಣೆಯಲ್ಲಿ ಮುಖ ಮುಚ್ಚಿಕೊಂಡಿದ್ದರು.

"ಬನ್ನಿ ರಾಘೋಪಂತ, ಬನ್ನಿ! ಪಾರಾದಿರಿ!"

"ಪಾರು... ಅಂದರೆ?"

"ಇಂಥ ಶಿಕ್ಷಕರನ್ನು ಧಾರವಾಡಕ್ಕೆ ಅಟ್ಟುವುದು ಮಹಾಪಾಪ ಎಂದರು ಸಾಹೇಬರು. ನಿವೃತ್ತಿಯಾಗುವ ತನಕ ನಿಮ್ಮನ್ನು ಪುಣೆಯಿಂದ ಅಲ್ಲಾಡಿಸಕೂಡದಂತೆ. ಇಲ್ಲೇ ಕಾಯಂ! ಇಬ್ಬರಲ್ಲಿ ಯಾರ ಪಾಠ ಕೆಡುತ್ತದೋ ಅವರನ್ನು ಕಳಿಸುವುದೆಂದು ಮೊದಲೇ ಆಗಿತ್ತಲ್ಲ. ಪಾಪ, ಪ್ರಲ್ಹಾದಪಂತರ ಹಣೆಬರಹ."

ಧಾರವಾಡವನ್ನು ಯಾರಾದರೂ ಶಿಕ್ಷೆಯಾಗಿ ಕೊಡಬಹುದೆಂದು ಮಾಸ್ತರರಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

"ಹೆಡ್‌ಮಾಸ್ತರರೇ, ನಾನೇ ಹೋಗುತ್ತೇನೆ! ಧಾರವಾಡಕ್ಕೆ ನಾನೇ ಹೋಗಬೇಕು!" ಎಂದು ಕೈಮುಗಿದರು.

ಪುಣೆ ಬಿಟ್ಟು ಹೋಗಲು ಯಾರಾದರೂ ಮನಸ್ಸಾರೆ ಬಯಸಬಹುದೆಂದು ಕೃಷ್ಣಾಜಿಪಂತರಿಗೂ ಹೊಳೆಯಲಿಲ್ಲ, ಅವರ ಕಣ್ಣು ತೇವವಾಯಿತು. "ಕೇಳಿದಿರಾ ಪ್ರಲ್ಹಾದಪಂತ? ನಿಮಗೋಸ್ಕರ ಈ ಮನುಷ್ಯ ತನ್ನ ಸುಖ ಬಿಡಲು ನಿಂತಿದ್ದಾನೆ! ಇಲ್ಲ ರಾಘೋಪಂತ, ಇಂಥ ತ್ಯಾಗಕ್ಕೆ ನಾನು ಒಪ್ಪುವುದಿಲ್ಲ. ಇಂಥವರನ್ನು ಕಳಿಸಿದರೆ ಶಾಲೆಯಲ್ಲಿ ಉಳಿಯುವವರು ಯಾರು?" ಎಂದು ಅವರ ಬಾಯಿಗೆ ಒಂದು ಪೇಢೆ ತುರುಕಿದರು. ಪೇಢೆ ಧಾರವಾಡದ್ದಾಗಿರಲಿಲ್ಲ. ಪ್ರಲ್ಹಾದಪಂತರು ಎದ್ದು ಬಂದು ಅವರನ್ನು ತಬ್ಬಿಕೊಂಡು ಅತ್ತರು. ಮಾಸ್ತರರೂ ಅತ್ತರು. ಹೆಡ್‌ಮಾಸ್ತರರು ಅದನ್ನು ಸ್ನೇಹ ಎಂದುಕೊಂಡರು.

ಮನೆಯಲ್ಲಿ ಗೋದಾಬಾಯಿ ಟ್ರಂಕಿಗೆ ಅರ್ಧ ಪಾತ್ರೆ ತುಂಬಿದ್ದಳು. ಮಾಸ್ತರರು ಎಲ್ಲ ಹೇಳಿದರು. ಈ ಸಲ ಒಂದು ಮಾತೂ ಮರೆಯಲಿಲ್ಲ. ಅವಳು ಕೇಳಿ, ಪಾತ್ರೆಗಳನ್ನು ಒಂದೊಂದಾಗಿ ಹೊರಗೆ ತೆಗೆದಿಟ್ಟಳು.

"ನನ್ನ ಹಕ್ಕೀನ ಕೆಡಸಿದ್ವು" ಎಂದಳು.

"ನಿನ್ನ ಹಕ್ಕಿ ಭಾಳ ಛಲೋ ಆಗಿದ್ವು. ಅದಕ್ಕ ಹಿಂಗಾತು."

ಆದರೂ ಅವಳದು ದೊಡ್ಡ ಮನಸ್ಸು. ಪ್ರಲ್ಹಾದಪಂತರು ಹೊರಡುವಾಗ, ಗೊತ್ತಿಲ್ಲದ ಊರಲ್ಲಿ ಬ್ರಹ್ಮಚಾರಿ ಉಪವಾಸ ಬೀಳಬಾರದೆಂದು ತವರಿಗೆ ಹೇಳಿಕಳಿಸಿ, ತಾಯಿಯ ಮನೆಯ ಹಿತ್ತಲ ಖೋಲಿಯನ್ನು ಕೊಡಿಸಿದಳು.

ದೀಪಾವಳಿಯ ರಜೆಗೆ ಪ್ರಲ್ಹಾದಪಂತರು ಪುಣೆಗೆ ಬಂದರು. ಬಂದವರು ಮೊದಲು ಈ ಮನೆಗೇ ಬಂದರು. ಗಲ್ಲ ತುಂಬಿಕೊಂಡಿತ್ತು, ಹೊಟ್ಟೆ ಮುಂದೆ ಬಂದಿತ್ತು. ಚೂರುಪಾರು ಕನ್ನಡವೂ ಬಂದಿತ್ತು.

"ಊಟ ಭಾಳ ಛಲೋ ಅದ ವಹಿನಿ. ನಿಮ್ಮ ಅವ್ವ ಬಿಡಂಗಿಲ್ಲ, ಬಡಸ್ತಾರ, ಬಡಸ್ತಾರ. ಆದರ ನಿದ್ದೀನ ಇಲ್ಲ! ಮೊದಲ ದಿನದಿಂದ ಕಿಡಕಿ ಹತ್ರ ಒಂದು ಮಾವಿನ ಗಿಡ, ಅದರಾಗ ಒಂದು ಹಳದಿ ಹಕ್ಕಿ. ಬೆಳಗಾಗೂದ್ರಾಗ ಕೂಗೇ ಕೂಗತದ. ಎಂಥಾ ಊರಿಗೆ ಹಾಕಿದ್ರೋ ನನ್ನ!"

ಚಕ್ಕುಲಿಯ ತಟ್ಟೆ ಹಿಡಿದಿದ್ದ ಗೋದಾಬಾಯಿ ಅಲ್ಲೇ ಕೂತುಬಿಟ್ಟಳು.

"ಹೆಂಗ ಕೂಗತದ? ಒಮ್ಮೆ ಕೂಗಿ ತೋರಸ್ರಿ."

ಪ್ರಲ್ಹಾದಪಂತರು ನಾಚಿ, ಕೆಮ್ಮಿ, ಕೊನೆಗೆ ತುಟಿ ಮುಂದೆ ಮಾಡಿ ಕೂಗಿದರು. ಗೋದಾಬಾಯಿ ಕಣ್ಣು ಮುಚ್ಚಿಕೊಂಡಳು. ಆ ಕೂಗು ಯಾವ ರೀತಿಯಲ್ಲೂ ಹೊನ್ನಕ್ಕಿಯದಾಗಿರಲಿಲ್ಲ, ಆದರೆ ಅದನ್ನು ಕೇಳಿ ಬಂದವನದಾಗಿತ್ತು.

"ಹಂಗಲ್ಲರಿ ಪಂತ" ಎಂದು ರಾಘಣ್ಣ ಮಾಸ್ತರರು ತಡೆಯಲಾರದೆ ಎದ್ದುನಿಂತರು. "ಕಡೀಕ ಸ್ವಲ್ಪ ಎಳೀಬೇಕು, ಹಿಂಗ." ಅವರೂ ಕೂಗಿದರು. ಆಮೇಲೆ ಇಬ್ಬರೂ ಸೇರಿ ಕೂಗಿದರು. ಕೆಳಗಿನ ಅಂಗಳದಿಂದ ರಾಧಾಬಾಯಿಯ ದನಿ ಬಂತು.

"ಗೋದಾ! ಮೇಲೆ ಏನದು ಕೂಗುವುದು? ಹಳದ್ಯಾ ಪಕ್ಷಿ ಬಂತೇನು?"

ಗೋದಾಬಾಯಿ ಮಹಡಿಯ ಕಟಾಂಜನದಿಂದ ಬಗ್ಗಿ ನೋಡಿ, ನಗುತ್ತಲೋ ಅಳುತ್ತಲೋ, ಉತ್ತರ ಕೊಟ್ಟಳು.

"ಹೌದ್ರಿ. ಧಾರವಾಡದ್ದು. ಪಾಪ, ಇಲ್ಲೇ ಕಾಯಂ ಆಗೇದ!"